ಒಮ್ಮೆ ಖಾಲಿಯಾದ ಬಾಟಲಿ ಮತ್ತೆ ತುಂಬದ ಹಾಗೆ ಮಾಡೋಕೆ ಆಗುತ್ತಾ?

ಕೀಲುಮೊಳೆ · ಸೋಮವಾರ, ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದೇ ಸಮಸ್ಯೆ ಹಿಡ್ಕೊಂಡು ಕೂತಿದ್ದೀನಿ, ದಾರಿ ಕಾಣ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ನನ್ನ ಕೆಲಸ ಪ್ಯಾಕಿಂಗ್ ವಿನ್ಯಾಸ. ಈಗ ಕೈಯಲ್ಲಿರೋದು ಬ್ರೇಕ್ ಆಯಿಲ್ ಬಾಟಲಿ, 500 ಮಿಲಿ. ಮಾಡಿಸುವವರು ಕೇಳಿರೋದು ಇಷ್ಟೇ: ಖಾಲಿ ಬಾಟಲಿ ಯಾರ ಕೈಗೆ ಸಿಕ್ಕರೂ ಅದನ್ನ ಮತ್ತೆ ತುಂಬಿ ಹೊಸದು ಅಂತ ಮಾರೋಕೆ ಆಗಬಾರದು. ಗುಜರಿಯಿಂದ ಖಾಲಿ ಬಾಟಲಿ ಆಯ್ದು ತಂದು, ಗಾಡಿಗಳಿಂದ ತೆಗೆದ ಹಳೇ ಎಣ್ಣೆ ಸೋಸಿ ತುಂಬಿ, ಮುಚ್ಚಳ ಹಾಕಿ ಮಾರುವವರಿದ್ದಾರೆ.

ಇದು ಬರೀ ವ್ಯಾಪಾರದ ಮಾತಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಯೋಕೆ ಕನಿಷ್ಠ 230 ಡಿಗ್ರಿ ಬೇಕು. ಸುಮಾರು ಶೇ. 3.7ರಷ್ಟು ನೀರು ಸೇರಿತು ಅಂದ್ರೆ 155 ಡಿಗ್ರಿಗೇ ಕುದಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಒಳಗೆ ಆವಿ ಎದ್ದು, ಪೆಡಲ್ ಒತ್ತಿದ್ರೆ ಮೆತ್ತಗೆ ನೆಲಕ್ಕೆ ಹೋಗಿಬಿಡುತ್ತೆ. ಎರಡು ವರ್ಷದ ಹಿಂದೆ ನಮ್ಮಣ್ಣನ ಗಾಡಿಗೆ ಆಗಿದ್ದು ಇದೇ. ಜೀವ ಉಳೀತು, ಎಡಗಾಲು ಇನ್ನೂ ಸರಿಯಿಲ್ಲ. ಹಾಕಿದ್ದ ಎಣ್ಣೆ "ಹೊಸ ಬಾಟಲಿ"ಯದ್ದೇ.

ಇದುವರೆಗೆ ಮೂರು ಮಾದರಿ ಮಾಡಿದೆ.

ಮೊದಲನೇದು ಕತ್ತಿನಲ್ಲಿ ಗಾಜಿನ ಗೋಲಿ ಕೂತಿರೋ ವಾಲ್ವ್. ನೆಟ್ಟಗಿಟ್ಟರೆ ಗೋಲಿ ತೂತಿನ ಮೇಲೆ ಕೂರುತ್ತೆ, ಬಗ್ಗಿಸಿದ್ರೆ ಸರಿದು ದಾರಿ ಬಿಡುತ್ತೆ. ಜೊತೆಯಲ್ಲಿ ಕೆಲಸ ಮಾಡೋ ಹುಡುಗನಿಗೆ ಕೊಟ್ಟು "ತುಂಬು ನೋಡೋಣ" ಅಂದೆ. ಬಾಟಲಿ ಅಡ್ಡ ಮಲಗಿಸಿ, ಉಗುರಿನಲ್ಲಿ ಟಕ್ ಟಕ್ ಅಂತ ತಟ್ಟುತ್ತಾ ಗೋಲಿ ಪಕ್ಕಕ್ಕೆ ಸರಿಸಿ, ಸಣ್ಣ ಕೊಳವೆ ಒಳಗೆ ತೂರಿಸಿದ. 11 ನಿಮಿಷಕ್ಕೆ ಅರ್ಧ ಲೀಟರ್ ತುಂಬಿತು.

ಎರಡನೇದು ರಬ್ಬರ್ ವಾಲ್ವ್, ಬಾತುಕೋಳಿ ಕೊಕ್ಕಿನ ಥರದ್ದು. ರಬ್ಬರ್ ಆರಿಸೋದ್ರಲ್ಲಿ ತಪ್ಪಿದೆ. ನೈಟ್ರೈಲ್ ಹಾಕಿದ್ದೆ, ಬ್ರೇಕ್ ಆಯಿಲ್‌ನಲ್ಲಿ ಊದಿಕೊಂಡು ಕೊಕ್ಕು ಬಾಯಿ ಬಿಟ್ಟೇ ನಿಂತಿತು.

ಮೂರನೇದರಲ್ಲಿ ಎರಡು ಗೋಲಿ, ನಡುವೆ ಅಂಕುಡೊಂಕು ದಾರಿ. ತುಂಬೋದು ನಿಜಕ್ಕೂ ಕಷ್ಟ. ಆದರೆ ಸುರಿಯೋದೂ ಕಷ್ಟ! ಗುಳು ಗುಳು ಅಂತ ತಡೆತಡೆದು ಬಂದು ಪಕ್ಕಕ್ಕೆ ಚೆಲ್ಲುತ್ತೆ. ಈ ಎಣ್ಣೆ ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಎದ್ದು ಬರುತ್ತೆ.

ಯಾರಾದ್ರೂ ಇಂಥದ್ದು ಮಾಡಿದ್ದೀರಾ? ಪೂರ್ತಿ ತಡೆಯೋ ವಿನ್ಯಾಸ ಅನ್ನೋದು ಇದೆಯಾ?

ಹನಿಹನಿ · 9:30

ಖಾಲಿಯಾದ ಕೂಡಲೇ ಒಡೆದುಹಾಕಿ ಅಂತ ಬಾಟಲಿ ಮೇಲೆ ದೊಡ್ಡದಾಗಿ ಬರೆದ್ರೆ ಆಗಲ್ವಾ?

ಗೋಲಿಗುಂಡು · 9:41

@ಹನಿಹನಿ ಬರೆದದ್ದನ್ನ ಯಾರು ಓದ್ತಾರೆ. ಓದಿದವರು ಒಡೀತಾರೆ, ತುಂಬಿ ಮಾರುವವನು ಒಡೆಯಲ್ಲ.

ಹಳೇಪೇಟೆಂಟು · 10:05

ಕೀಲುಮೊಳೆ ಅವರೇ, ನೀವು ಕೈ ಹಾಕಿರೋದು ಬಹಳ ಹಳೇ ಹುತ್ತಕ್ಕೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇದರ ಹಿಂದೆ ಬಿದ್ದವರಿಗೆ ಲೆಕ್ಕವೇ ಇಲ್ಲ. ಪೇಟೆಂಟ್ ವರ್ಗೀಕರಣದಲ್ಲಿ ಇದಕ್ಕೇ ಅಂತ ಒಂದು ಮನೆ ಇದೆ, ಬಿ65ಡಿ 49/00, "ಪಾತ್ರೆಯನ್ನು ಮರುತುಂಬದಂತೆ ತಡೆಯುವ ಏರ್ಪಾಡುಗಳು". ಅದರೊಳಗೆ ಒಂದೇ ದಿಕ್ಕಿನ ಕವಾಟಗಳಿಗೆ ಒಂದು ಕೋಣೆ, ತೂಕ ಇಟ್ಟ ಕವಾಟಗಳಿಗೆ ಇನ್ನೊಂದು, ತೆಗೆಯುವಾಗಲೇ ಮುರಿದುಹೋಗುವ ಮುಚ್ಚಳಗಳಿಗೆ ಮತ್ತೊಂದು. ಕೂತು ಓದಿ. ನಿಮ್ಮ ಮೂರೂ ಮಾದರಿಗಳು ಅಲ್ಲಿ ಬೇರೆ ಬೇರೆ ವೇಷದಲ್ಲಿ ಸಿಗ್ತವೆ.

ಒಂದು ಎಚ್ಚರಿಕೆ. ಅಷ್ಟು ಜನ, ಅಷ್ಟು ವರ್ಷ ತಿಣುಕಿದ್ರೂ "ಇಗೋ ಮುಗೀತು" ಅನ್ನೋ ಉತ್ತರ ಬಂದಿಲ್ಲ. ಅದಕ್ಕೆ ಕಾರಣ ಜಾಣತನದ ಕೊರತೆ ಅಲ್ಲ ಅಂತ ನನಗೆ ಅನ್ಸುತ್ತೆ.

ಶೀಶೆ · 10:22

ಕಾರಣ ಗಾಳಿ! ಒಂದು ಹನಿ ಹೊರಗೆ ಬರಬೇಕು ಅಂದ್ರೆ ಅಷ್ಟೇ ಜಾಗಕ್ಕೆ ಗಾಳಿ ಒಳಗೆ ಹೋಗ್ಲೇಬೇಕು. ಗಟ್ಟಿ ಬಾಟಲಿಯಲ್ಲಿ ಬೇರೆ ದಾರಿಯೇ ಇಲ್ಲ. ಗಾಳಿ ಹೋಗೋ ದಾರಿ ಇದ್ದ ಮೇಲೆ, ನಿಧಾನಕ್ಕೆ ಕಾದು ಕೂತರೆ, ಎಣ್ಣೆಯೂ ಹೋಗುತ್ತೆ. ನಿಮ್ಮ ಮೂರನೇ ಮಾದರಿ ಗುಳುಗುಳು ಅಂದದ್ದು ಯಾಕೆ ಅಂದ್ಕೊಂಡ್ರಿ? ಗಾಳಿಯ ದಾರಿಯನ್ನೂ ನೀವು ಅಂಕುಡೊಂಕು ಮಾಡಿಬಿಟ್ಟಿರಿ.

ಬೆಸುಗೆ · 10:40

ಟೆಸ್ಲಾ ವಾಲ್ವ್ ಹಾಕಿ ನೋಡಿ. ನಿಕೋಲಾ ಟೆಸ್ಲಾ 1920ರಲ್ಲಿ ಪೇಟೆಂಟ್ ಪಡೆದದ್ದು. ಗೋಲಿ ಇಲ್ಲ, ರಬ್ಬರ್ ಇಲ್ಲ, ಅಲುಗಾಡೋ ಭಾಗವೇ ಇಲ್ಲ. ಕಾಲುವೆಯ ಆಕಾರವೇ ಒಂದು ಕಡೆಗೆ ಬಿಡುತ್ತೆ, ಇನ್ನೊಂದು ಕಡೆಗೆ ತಡೆಯುತ್ತೆ. ಅಚ್ಚಿನಲ್ಲೇ ಬಂದುಬಿಡುತ್ತೆ.

ಶೀಶೆ · 10:47

ಅದು ತಡೆಯಲ್ಲ ಸರ್, ಕಷ್ಟ ಮಾಡುತ್ತೆ ಅಷ್ಟೇ. ಅದೂ ದ್ರವ ಜೋರಾಗಿ ಹರಿದಾಗ. ಹನಿ ಹನಿಯಾಗಿ ಬಿಟ್ಟರೆ ಎರಡೂ ಕಡೆಗೆ ಹೆಚ್ಚು ಕಡಿಮೆ ಒಂದೇ. ಮೋಸ ಮಾಡುವವನಿಗೆ ಅವಸರ ಏನಿದೆ?

ಬೆಸುಗೆ · 10:52

ಸರಿ, ಒಪ್ಪಿದೆ. ಹರಿವಿನ ವೇಗದ ಕಡೆ ನನ್ನ ಗಮನ ಹೋಗಿರಲಿಲ್ಲ.

ಗೋಲಿಗುಂಡು · 11:15

ಗೋಲಿ ಕೈಬಿಡಬೇಡಿ ಅಂತ ನನ್ನ ವಾದ. ಇಟಲಿಯ ಗ್ವಾಲಾ ಕಂಪನಿ ಇಂಥ ಮುಚ್ಚಳಗಳನ್ನ ಎಷ್ಟೋ ವರ್ಷದಿಂದ ಮಾಡ್ತಿದೆ. ಕತ್ತಿನೊಳಗೆ ಗೋಲಿ, ಅದರ ಮೇಲೆ ಕೊಳವೆ ತೂರದ ಹಾಗೆ ಅಡ್ಡ ತಟ್ಟೆ. ದುಬಾರಿ ಮದ್ಯದ ಬಾಟಲಿಗಳಲ್ಲಿ ಲೋಕದ ತುಂಬಾ ನಡೀತಿದೆ. ಕೆಲಸಕ್ಕೆ ಬಾರದ್ದಾಗಿದ್ರೆ ಇಷ್ಟು ದಿನ ಉಳೀತಿತ್ತಾ?

ನಿಮ್ಮ ಹುಡುಗ ಕೊಳವೆ ತೂರಿಸಿದ ಅಂದ್ರೆ ಅಡ್ಡ ತಟ್ಟೆ ಸರಿ ಇಲ್ಲ ಅಂತ ಅರ್ಥ. ಗೋಲಿಯ ತಪ್ಪಲ್ಲ ಅದು.

ಅಚ್ಚಿನಮನೆ · 12:03

ಗೋಲಿಗುಂಡು ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಇಪ್ಪತ್ತೆರಡು ವರ್ಷದಿಂದ ಅಚ್ಚು ಮಾಡ್ತಿದ್ದೀನಿ, ಇಂಥ ಮುಚ್ಚಳದ ಅಚ್ಚು ನಾನೇ ತಿದ್ದಿದ್ದೇನೆ. ಕೊಳವೆ ತೂರದ ಹಾಗೆ ಮಾಡಬಹುದು. ಆದರೆ ಕೊಳವೆ ಇಲ್ಲದೆಯೂ ತುಂಬಬಹುದು, ಅದನ್ನ ಕಣ್ಣಾರೆ ಕಂಡಿದ್ದೀನಿ.

ಹೇಗೆ ಅಂದ್ರೆ, ಖಾಲಿ ಗಾಜಿನ ಬಾಟಲಿಯನ್ನ ನೆಟ್ಟಗೆ ಬಿಸಿನೀರಲ್ಲಿ ನಿಲ್ಲಿಸಿದರು. ಒಳಗಿನ ಗಾಳಿ ಹಿಗ್ಗಿ, ಗೋಲಿಯನ್ನ ಎತ್ತಿಕೊಂಡು ಹೊರಗೆ ಬಂತು. ಗೋಲಿ ಕುಣಿಯೋದು ಕೇಳಿಸುತ್ತೆ, ಸಣ್ಣಗೆ ಚಿಟಿ ಚಿಟಿ ಅಂತ. ಆಮೇಲೆ ತಟಕ್ಕನೆ ತಲೆಕೆಳಗು ಮಾಡಿ ಬಾಯನ್ನ ದ್ರವದ ಬೋಗುಣಿಯಲ್ಲಿ ಅದ್ದಿದರು. ತಲೆಕೆಳಗಾದಾಗ ಗೋಲಿ ತೂತಿನಿಂದ ದೂರ ಬಿದ್ದಿರುತ್ತೆ, ದಾರಿ ತೆರೆದೇ ಇರುತ್ತೆ. ಬಾಟಲಿ ತಣ್ಣಗಾಗ್ತಾ ಆಗ್ತಾ ದ್ರವವನ್ನ ತಾನೇ ಕುಡೀತು. ತಣಿಯೋದು ನಿಧಾನ, ಹಾಗಾಗಿ ಹರಿವೂ ನಿಧಾನ, ಗೋಲಿಯನ್ನ ಎತ್ತಿ ಕೂರಿಸುವಷ್ಟು ಸೆಳೆತ ಅದಕ್ಕೆ ಇಲ್ಲ.

ಶೀಶೆ · 12:20

ಎಂಥಾ ಉಪಾಯ! ಲೆಕ್ಕ ಹಾಕಿದೆ. 60 ಡಿಗ್ರಿಯಿಂದ 25 ಡಿಗ್ರಿಗೆ ಇಳಿದ್ರೆ ಗಾಳಿ ಸುಮಾರು ಶೇ. 10ರಷ್ಟು ಕುಗ್ಗುತ್ತೆ. ಅರ್ಧ ಲೀಟರ್ ಬಾಟಲಿಗೆ ಮೊದಲ ಸಲ 50 ಮಿಲಿ. ಪ್ರತಿ ಸಲ ಉಳಿದ ಗಾಳಿಯ ಹತ್ತನೇ ಒಂದು ಪಾಲು ಮಾತ್ರ, ಹಾಗಾಗಿ ಮುಕ್ಕಾಲು ಪಾಲು ತುಂಬೋಕೆ ಸುಮಾರು ಹದಿಮೂರು ಸುತ್ತು, ಶೇ. 90 ತುಂಬೋಕೆ ಸುಮಾರು ಇಪ್ಪತ್ತೆರಡು. ಒಂದು ಬಾಟಲಿಗೆ ಇಡೀ ದಿನ ಬೇಕು.

ಅಚ್ಚಿನಮನೆ · 12:31

ಒಂದು ಬಾಟಲಿಗೆ ಅಲ್ಲ, ಒಂದು ಬ್ಯಾಚಿಗೆ. ದೊಡ್ಡ ತೊಟ್ಟಿ ಇದ್ದರೆ ನೂರು ಬಾಟಲಿ ಒಟ್ಟಿಗೆ ಆಗುತ್ತೆ.

ಶೀಶೆ · 12:33

ಅಯ್ಯೋ, ಹೌದಲ್ಲ.

ಮರುಬಳಕೆ · ಮಧ್ಯಾಹ್ನ 1:10

ನನ್ನ ಮಾತು ಇಲ್ಲಿ ಯಾರಿಗೂ ರುಚಿಸಲ್ಲ, ಆದ್ರೂ ಹೇಳ್ತೀನಿ. ನಾವು ಎತ್ತ ಹೋಗ್ತಿದ್ದೀವಿ? ಒಂದು ಕಡೆ ಬಾಟಲಿ ಮತ್ತೆ ಮತ್ತೆ ಬಳಸಿ ಅಂತ ಊರೆಲ್ಲಾ ಕೂಗ್ತೀವಿ. ಜರ್ಮನಿಯಲ್ಲಿ ಮರಳಿಸುವ ಗಾಜಿನ ಬಾಟಲಿ 50 ಸಲದವರೆಗೂ ತುಂಬಿಸಿಕೊಳ್ಳುತ್ತೆ. ಇಲ್ಲಿ ನಾವು ಕೂತು, ಒಂದೇ ಸಲಕ್ಕೆ ಸಾಯೋ ಬಾಟಲಿ ಹೇಗೆ ಮಾಡೋದು ಅಂತ ತಲೆ ಕೆಡಿಸಿಕೊಳ್ತಿದ್ದೀವಿ. ಗಾಜಿನ ಕತ್ತಿನಲ್ಲಿ ಪ್ಲಾಸ್ಟಿಕ್ ವಾಲ್ವ್ ಸಿಕ್ಕಿಸಿದ್ರೆ ಆ ಗಾಜನ್ನ ಕರಗಿಸೋಕೂ ಬೇರ್ಪಡಿಸಬೇಕು.

ಇನ್ನೊಂದು. ದುಡ್ಡು ಕೊಟ್ಟು ತಂದ ಮೇಲೆ ಬಾಟಲಿ ನನ್ನದು. ಅದರಲ್ಲಿ ನಾನು ನೀರು ತುಂಬ್ತೀನೋ ಸೀಮೆಎಣ್ಣೆ ತುಂಬ್ತೀನೋ, ಕೇಳೋಕೆ ಕಂಪನಿ ಯಾರು? ಪ್ರಿಂಟರ್ ಇಂಕಿನ ಡಬ್ಬಿಗೆ ಚಿಪ್ ಇಟ್ಟು ಮರುತುಂಬೋದನ್ನ ತಡೆದ್ರಲ್ಲ, ಆ ಜಗಳ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯ್ತು. ಒಮ್ಮೆ ಮಾರಿದ ಮೇಲೆ ಆ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ಮುಗೀತು ಅಂತ 2017ರಲ್ಲಿ ಲೆಕ್ಸ್‌ಮಾರ್ಕ್ ಅನ್ನೋ ಪ್ರಿಂಟರ್ ಕಂಪನಿಯ ಮೊಕದ್ದಮೆಯಲ್ಲಿ ತೀರ್ಪು ಬಂತು.

ಸೂಜಿಮದ್ದು · 1:36

@ಮರುಬಳಕೆ ಇಂಕಿನ ಡಬ್ಬಿಗೆ ನಿಮ್ಮ ಮಾತು ಪೂರ್ತಿ ಒಪ್ಪುತ್ತೀನಿ. ಆದ್ರೆ ಎಲ್ಲದಕ್ಕೂ ಅದೇ ತಕ್ಕಡಿ ಹಿಡೀಬೇಡಿ.

ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದೀನಿ. ಒಂದೇ ಸಿರಿಂಜನ್ನ ಹತ್ತು ಜನಕ್ಕೆ ಚುಚ್ಚಿ ಹೆಪಟೈಟಿಸ್, ಎಚ್‌ಐವಿ ಹರಡಿದ ಕಾಲ ಇತ್ತು. ಅದಕ್ಕೇ ಒಮ್ಮೆ ಒತ್ತಿದ್ರೆ ಹಿಂದಕ್ಕೆ ಎಳೆಯೋಕೆ ಬಾರದ ಸಿರಿಂಜ್ ಬಂತು. ಕೆಲವು ಲಾಕ್ ಆಗ್ತವೆ, ಕೆಲವುದರಲ್ಲಿ ಎಳೆದ್ರೆ ಹಿಡಿಯೇ ಮುರಿಯುತ್ತೆ. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಯುಎನ್‌ಎಫ್‌ಪಿಎ (ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ) ಒಟ್ಟಿಗೆ ಹೇಳಿಕೆ ಕೊಟ್ಟು, 2003ರ ಕೊನೆಯೊಳಗೆ ಲಸಿಕೆಗೆಲ್ಲಾ ಅಂಥ ಸಿರಿಂಜೇ ಬಳಸಬೇಕು ಅಂದವು. ಅಲ್ಲಿ "ಸಿರಿಂಜ್ ನನ್ನದು, ಮತ್ತೆ ಬಳಸ್ತೀನಿ" ಅನ್ನೋ ಮಾತಿಗೆ ಜಾಗ ಇಲ್ಲ.

ಔಷಧದ ಸೀಸೆಯದ್ದೂ ಅದೇ ಕಥೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧ ಕಳಪೆ ಅಥವಾ ನಕಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು. ನಾವು ಖಾಲಿ ಸೀಸೆಯ ಲೇಬಲ್ಲನ್ನ ಕಪ್ಪು ಶಾಯಿಯಲ್ಲಿ ಗೀಚಿ, ಸೀಸೆ ಒಡೆದೇ ಕಸಕ್ಕೆ ಕಳಿಸೋದು. ಒಂದು ದಿನವೂ ತಪ್ಪಿಸಲ್ಲ.

ಮರುಬಳಕೆ · 1:50

ಸಿರಿಂಜಿನ ಮಾತು ಒಪ್ಪಿದೆ. ಬ್ರೇಕ್ ಆಯಿಲ್ ಅದೇ ಗುಂಪಿಗೆ ಸೇರುತ್ತೆ ಅಂತ ಅವರ ಅಣ್ಣನ ವಿಷಯ ಓದಿದ ಮೇಲೆ ಅನ್ನಿಸ್ತು. ಆದರೆ ಈ ನೆಪ ಹಿಡ್ಕೊಂಡು ನಾಳೆ ಶಾಂಪೂ ಬಾಟಲಿಗೂ ವಾಲ್ವ್ ಬರುತ್ತೆ, ಆಗ ನೆನಪಿಸ್ತೀನಿ.

ಹಳೇಪೇಟೆಂಟು · 2:15

ಇದೇ ಜಗಳ ಆಲಿವ್ ಎಣ್ಣೆಗೂ ಆಗಿದೆ. ಹೋಟೆಲ್ ಮೇಜಿನ ಮೇಲೆ ಮರುತುಂಬುವ ಜಾಡಿ ಇಡಬಾರದು ಅಂತ 2013ರ ಮೇ ತಿಂಗಳಲ್ಲಿ ಯುರೋಪಿಯನ್ ಕಮಿಷನ್ ಪ್ರಸ್ತಾಪ ಮಾಡಿ, ಜನ ರೇಗಿದ್ದಕ್ಕೆ ಕೆಲವೇ ದಿನದಲ್ಲಿ ಹಿಂದಕ್ಕೆ ತಗೊಂಡಿತು. ಸ್ಪೇನ್ ಮಾತ್ರ ಅದೇ ವರ್ಷ ತನ್ನದೇ ಕಾನೂನು ಮಾಡಿ 2014ರಿಂದ ಜಾರಿಗೆ ತಂತು. ತೆಗೆದದ್ದು ಗೊತ್ತಾಗಬೇಕು, ಖಾಲಿಯಾದ ಮೇಲೆ ಮತ್ತೆ ತುಂಬೋಕೆ ಬರಬಾರದು, ಎರಡೂ ಷರತ್ತು ಅದರಲ್ಲಿದೆ.

ಅಮೆರಿಕದ ದಾರಿ ಇನ್ನೂ ಸರಳ. ಪಾನನಿಷೇಧ 1933ರಲ್ಲಿ ಮುಗಿದ ಮೇಲೆ ಕಳ್ಳಭಟ್ಟಿಯವರು ಹಳೇ ಬಾಟಲಿ ತುಂಬದಿರಲಿ ಅಂತ, "ಈ ಬಾಟಲಿಯ ಮಾರಾಟ ಅಥವಾ ಮರುಬಳಕೆಯನ್ನು ಫೆಡರಲ್ ಕಾನೂನು ನಿಷೇಧಿಸಿದೆ" ಅಂತ ಗಾಜಿನಲ್ಲೇ ಉಬ್ಬಕ್ಷರ ಮೂಡಿಸಿದರು. 1935ರಿಂದ 1964ರವರೆಗೆ ಅದು ನಡೀತು. ಈಗಲೂ ಹಳೇ ಬಾಟಲಿ ಸಂಗ್ರಹಿಸುವವರು ವಯಸ್ಸು ಗುರುತಿಸೋದು ಆ ಸಾಲು ನೋಡಿಯೇ.

ಹನಿಹನಿ · 2:21

ಅಂದ್ರೆ ನಾನು ಹೇಳಿದ್ದೇ! ಬಾಟಲಿ ಮೇಲೆ ಬರೆಯೋದು!

ಹಳೇಪೇಟೆಂಟು · 2:24

ಹೌದು, ಆದರೆ ಬರೆದದ್ದರ ಹಿಂದೆ ಪೊಲೀಸರಿದ್ದರು.

ವಿಷಯಾಂತರ ಆದ್ರೂ ಒಂದು ಸಂಗತಿ: ಸೋಡಾ, ಬಿಯರ್ ಬಾಟಲಿಯ ಅಂಚು ಮಡಚಿದ ತಗಡಿನ ಬಿರಡೆ ಇದೆಯಲ್ಲ, ಅದನ್ನ 1892ರಲ್ಲಿ ಪೇಟೆಂಟ್ ಮಾಡಿದವನು ವಿಲಿಯಂ ಪೇಂಟರ್. ಅವನ ಕಂಪನಿಯಲ್ಲಿ ಮಾರಾಟಗಾರನಾಗಿದ್ದವನು ಕಿಂಗ್ ಕ್ಯಾಂಪ್ ಜಿಲೆಟ್. ಒಮ್ಮೆ ಬಳಸಿ ಬಿಸಾಡುವಂಥದ್ದು ಏನಾದ್ರೂ ಕಂಡುಹಿಡಿ ಅಂತ ಪೇಂಟರ್ ಹೇಳಿದ ಮಾತೇ ಬ್ಲೇಡಿಗೆ ದಾರಿಯಾಯ್ತು.

ಗೋಲಿಗುಂಡು · 2:40

ವಿಷಯಾಂತರ ಅಂದಮೇಲೆ ನನ್ನದೂ ಒಂದು. ಹೈರಮ್ ಕಾಡ್ 1872ರಲ್ಲಿ ಮಾಡಿದ ಗೋಲಿ ಬಾಟಲಿ ಇದಕ್ಕೆ ಸರೀ ಉಲ್ಟಾ. ಅಲ್ಲೂ ಕತ್ತಿನಲ್ಲಿ ಗೋಲಿಯೇ, ಆದರೆ ಅದನ್ನ ಮೇಲಕ್ಕೆ ಒತ್ತಿ ಹಿಡಿಯೋದು ಒಳಗಿನ ಗ್ಯಾಸು. ಗ್ಯಾಸು ತುಂಬುವಾಗ ಬಾಟಲಿಯನ್ನ ತಲೆಕೆಳಗು ಹಿಡಿದು ತುಂಬ್ತಾರೆ. ಅದನ್ನ ಎಷ್ಟು ಸಲ ಬೇಕಾದ್ರೂ ತುಂಬಬಹುದು. ಒಂದೇ ಗೋಲಿ, ಒಂದು ಕಡೆ ಕಾವಲುಗಾರ, ಇನ್ನೊಂದು ಕಡೆ ಬಾಗಿಲು.

ಬೆಸುಗೆ · 2:58

ಕ್ಯಾಡೋಗನ್ ಅಂತ ಒಂದು ಟೀ ಪಾತ್ರೆ ಇದೆ, ಕೇಳಿದ್ದೀರಾ? ಮೇಲೆ ಮುಚ್ಚಳವೇ ಇಲ್ಲ. ತಳದಲ್ಲಿ ತೂತು, ಅಲ್ಲಿಂದ ಒಳಗೆ ಸುರುಳಿ ಕೊಳವೆ. ತಲೆಕೆಳಗು ಮಾಡಿ ತುಂಬಿ, ನೆಟ್ಟಗೆ ನಿಲ್ಲಿಸಿದ್ರೆ ಒಂದು ಹನಿ ಸೋರಲ್ಲ. ಅದನ್ನ ನೋಡಿದಾಗೆಲ್ಲ ನನಗೆ ಅನ್ನಿಸೋದು, ಒಮ್ಮೆ ತುಂಬಿದ ಪಾತ್ರೆಗೆ ತುಂಬೋ ದಾರಿ ಎಲ್ಲೋ ಇದ್ದೇ ಇರುತ್ತೆ, ಹುಡುಕೋಕೆ ತಾಳ್ಮೆ ಬೇಕು ಅಷ್ಟೇ.

ಅಚ್ಚಿನಮನೆ · 3:20

ಬೆಸುಗೆ ಅವರ ಆ ಕೊನೇ ಮಾತು ಹಿಡ್ಕೊಳ್ಳಿ. ಕಾರ್ಖಾನೆಯಲ್ಲಿ ಬಾಟಲಿ ತುಂಬೋದು ಹೇಗೆ? ಮೊದಲು ತುಂಬ್ತಾರೆ, ಆಮೇಲೆ ವಾಲ್ವ್ ಒತ್ತಿ ಕೂರಿಸ್ತಾರೆ. ಮೋಸಗಾರ ವಾಲ್ವಿನ ಜೊತೆ ಗುದ್ದಾಡಬೇಕಾಗಿಲ್ಲ, ಆ ಕೊನೇ ಹೆಜ್ಜೆಯನ್ನ ಹಿಂದಕ್ಕೆ ತಿರುಗಿಸಿದ್ರೆ ಸಾಕು. ಬಿಸಿ ಗಾಳಿ ಬಿಟ್ಟು ಪ್ಲಾಸ್ಟಿಕ್ ಮೆತ್ತಗೆ ಮಾಡಿ ವಾಲ್ವ್ ಕಿತ್ತು, ತುಂಬಿ, ಮತ್ತೆ ಒತ್ತುತ್ತಾನೆ. ಗಾಜಾಗಿದ್ರೆ ತಳಕ್ಕೆ ವಜ್ರದ ಬಿಟ್ಟಿನಲ್ಲಿ ಸಣ್ಣ ತೂತು ಕೊರೆದು, ತುಂಬಿ, ಅಂಟು ಹಾಕಿ ಉಜ್ಜುತ್ತಾನೆ. ಅಂಥ ಬಾಟಲಿ ಕೈಯಲ್ಲಿ ಹಿಡಿದು ನೋಡಿದ್ದೀನಿ. ಉಗುರು ಆಡಿಸಿದ್ರೆ ಮಾತ್ರ ಸಿಗುತ್ತೆ, ಕಣ್ಣಿಗೆ ಕಾಣಲ್ಲ.

ಅದಕ್ಕೇ ನನ್ನ ಪ್ರಶ್ನೆ: ಆ ಕೊನೇ ಹೆಜ್ಜೆಯನ್ನ ಹಿಂದಕ್ಕೆ ತಿರುಗಿಸಿದ್ರೆ ಗಾಯ ಉಳಿಯೋ ಹಾಗೆ ಮಾಡೋಕಾಗುತ್ತಾ?

ಸೂಜಿಮದ್ದು · 3:41

ಔಷಧದ ಜಗತ್ತು ಕಲಿತದ್ದೂ ಅದನ್ನೇ. 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಅಂಗಡಿಯಲ್ಲಿದ್ದ ನೋವಿನ ಮಾತ್ರೆಗಳಿಗೆ ಸಯನೈಡ್ ಸೇರಿಸಿ 7 ಜನ ಸತ್ತರು. ಆಮೇಲೆ ಬಂದ ನಿಯಮಗಳು ಬಾಟಲಿಗೆ ಉಕ್ಕಿನ ಕೋಟೆ ಕಟ್ಟಲಿಲ್ಲ. ಕೈ ಹಾಕಿದ್ರೆ ಕೊಳ್ಳುವವರ ಕಣ್ಣಿಗೆ ಗೊತ್ತಾಗಬೇಕು ಅಂದವು. ಬಾಯಿಗೆ ಅಂಟಿದ ಹಾಳೆ, ಹರಿಯೋ ಪಟ್ಟಿ, ಎಲ್ಲಾ ಬಂದದ್ದು ಹಾಗೆ.

ನಿಜಕ್ಕೂ ಮರುತುಂಬದ ಸೀಸೆ ನನ್ನ ಕೈಯಲ್ಲಿ ದಿನಾ ಓಡಾಡುತ್ತೆ, ಗಾಜಿನ ಆಂಪೂಲ್. ತುಂಬಿದ ಮೇಲೆ ಕತ್ತನ್ನ ಬೆಂಕಿಯಲ್ಲಿ ಕರಗಿಸಿ ಮುಚ್ಚಿರ್ತಾರೆ. ತೆಗೆಯೋಕೆ ಕತ್ತು ಮುರೀಲೇಬೇಕು. ಮುಚ್ಚಳ ಅನ್ನೋದೇ ಇಲ್ಲ, ಮುರಿದ ಮೇಲೆ ಬಾಟಲಿ ಅನ್ನೋದೂ ಇಲ್ಲ.

ಗ್ಯಾರೇಜಿನವ · ಸಂಜೆ 6:48

ಕೆಲಸ ಮುಗಿಸಿ ಈಗ ಓದಿದೆ. ಎಲ್ಲಾ ಬುದ್ಧಿವಂತರು ಸೇರಿದ್ದೀರಿ, ಒಂದು ಮಾತು ಯಾರೂ ಕೇಳಲಿಲ್ಲ. ಬ್ರೇಕ್ ಆಯಿಲ್ ಬಾಟಲಿಗೆ ಗೋಲಿ ಯಾಕ್ರೀ ಬೇಕು?

ಮದ್ಯದ ಬಾಟಲಿಗೆ ಬೇಕು, ಸರಿ. ಅದನ್ನ ಇವತ್ತೊಂದು ಚೂರು ನಾಳೆಯೊಂದು ಚೂರು ಸುರೀತಾರೆ. ಬ್ರೇಕ್ ಆಯಿಲ್ ಹಾಗಲ್ಲ. ತೆಗೆದ ಬಾಟಲಿಯನ್ನ ಮುಚ್ಚಿಟ್ಟು ಎರಡು ತಿಂಗಳ ಮೇಲೆ ಹಾಕೋದೇ ತಪ್ಪು, ಅಷ್ಟರಲ್ಲಿ ತೇವ ಕುಡಿದಿರುತ್ತೆ. ಅರ್ಧ ಉಳಿದ ಬಾಟಲಿ ನನ್ನ ಹತ್ರ ಇದ್ರೆ ಗಾಡಿಗೆ ಹಾಕಲ್ಲ. ತೆಗೆದ್ರೆ ಅವತ್ತೇ ಮುಗೀಬೇಕು. ಹಾಗಿರುವಾಗ ಮತ್ತೆ ಮುಚ್ಚೋಕೆ ಬರೋ ಮುಚ್ಚಳ ಕೊಡ್ತಿರೋದೇ ದೊಡ್ಡ ತಪ್ಪು.

ಸೂಜಿಮದ್ದು ಮೇಡಂ ಹೇಳಿದ ಆಂಪೂಲನ್ನೇ ದೊಡ್ಡದು ಮಾಡಿ. ಕತ್ತು ತಿರುಚಿ ಮುರಿ, ಸುರಿ, ಮುಗೀತು.

ಶೀಶೆ · 6:55

ಇಡೀ ದಿನ ನಾವು ಗೋಲಿ ಹಿಂದೆ ಓಡಿದ್ವಿ. ನೂರಕ್ಕೆ ನೂರು ಸರಿ.

ಕೀಲುಮೊಳೆ · 7:20

ಗ್ಯಾರೇಜಿನವರೇ, ನಿಮ್ಮ ಮಾತು ಮೂರು ಸಲ ಓದಿದೆ. "500 ಮಿಲಿ ಬಾಟಲಿ, ಮುಚ್ಚಳ" ಅಂತ ಕೇಳಿದ್ರು, ನಾನೂ ಅಲ್ಲಿಂದಲೇ ಶುರು ಮಾಡಿದೆ. ಅಳತೆ ಎಷ್ಟಿದ್ರೆ ಒಳ್ಳೇದು ಹೇಳ್ತೀರಾ? ಒಂದೇ ಸಲಕ್ಕೆ ಖಾಲಿ ಆಗಬೇಕಲ್ಲ.

ಗ್ಯಾರೇಜಿನವ · 7:34

ಕಾರಿಗೆ ಪೂರ್ತಿ ಬದಲಿಸೋಕೆ ಹತ್ರ ಹತ್ರ ಒಂದು ಲೀಟರ್ ಬೇಕು. ಬೈಕಿಗೆ, ಅಥವಾ ಬರೀ ಮಟ್ಟ ಸರಿ ಮಾಡೋಕೆ ಸ್ವಲ್ಪ ಸಾಕು. 250 ಮಾಡಿ. ಕಾರಿಗೆ ನಾಲ್ಕು ಮುರೀತೀನಿ, ಬೈಕಿಗೆ ಒಂದು.

ಮರುಬಳಕೆ · 7:50

ಒಂದು ಡಬ್ಬಿ ಜಾಗದಲ್ಲಿ ನಾಲ್ಕು ಪ್ಲಾಸ್ಟಿಕ್. ಲೆಕ್ಕಕ್ಕೆ ಇಟ್ಕೊಳ್ಳಿ, ಅಷ್ಟೇ ಕೇಳೋದು. ಒಂದೇ ಜಾತಿಯ ಪ್ಲಾಸ್ಟಿಕ್ಕಲ್ಲಾದ್ರೂ ಮಾಡಿ, ಗೋಲಿ, ತಗಡು, ರಬ್ಬರ್ ಬೆರೆಸಬೇಡಿ.

ಅಚ್ಚಿನಮನೆ · 8:15

ಒಂದೇ ಜಾತಿಯಲ್ಲೇ ಆಗುತ್ತೆ. ಊದಿ, ತುಂಬಿ, ಮುಚ್ಚುವ ಯಂತ್ರ ಅಂತ ಇದೆ, ಕಣ್ಣಿನ ಹನಿಯ ಪುಟ್ಟ ಪ್ಲಾಸ್ಟಿಕ್ ಸೀಸೆಗಳು ಬರೋದು ಅದರಿಂದಲೇ. ಬಿಸಿ ಪಾಲಿಥಿನ್ ಕೊಳವೆ ಅಚ್ಚಿನೊಳಗೆ ಇಳಿಯುತ್ತೆ, ಊದಿ ಆಕಾರ ಬರುತ್ತೆ, ಅಲ್ಲೇ ದ್ರವ ಬೀಳುತ್ತೆ, ಅಚ್ಚಿನ ಮೇಲಿನ ತುಟಿ ಕಚ್ಚಿ ಕತ್ತು ಮುಚ್ಚುತ್ತೆ. ಎಲ್ಲಾ ಒಂದೇ ಯಂತ್ರದಲ್ಲಿ, ಒಂದೇ ಉಸಿರಿಗೆ. ಮೇಲೆ ಒಂದು ಕಿವಿ ಬಿಟ್ಟಿರ್ತಾರೆ, ತಿರುಚಿದ್ರೆ ಕತ್ತು ಹರಿಯುತ್ತೆ. ಗ್ಲೂಕೋಸ್ ಬಾಟಲಿಯಷ್ಟು ದೊಡ್ಡದೂ ಇದರಲ್ಲಿ ಬರುತ್ತೆ.

ಶೀಶೆ ಅವರ ಗಾಳಿ ಪ್ರಶ್ನೆಗೂ ಇದರಲ್ಲೇ ಉತ್ತರ. ಗೋಡೆ ಮೆತ್ತಗಿರೋದ್ರಿಂದ ಹಿಚುಕಿದ್ರೆ ಎಣ್ಣೆ ಬರುತ್ತೆ, ಗಾಳಿ ದಾರಿ ಬೇಡ.

ಸೂಜಿಮದ್ದು · 8:32

ಒಂದು ಎಚ್ಚರ. ಪಾಲಿಥಿನ್ ಗೋಡೆ ತೆಳ್ಳಗಿದ್ರೆ ತೇವ ನಿಧಾನಕ್ಕೆ ಒಳಗೆ ನುಗ್ಗುತ್ತೆ. ನಿಮ್ಮ ಎಣ್ಣೆಗೆ ಅದೇ ಶತ್ರು. ನಮ್ಮಲ್ಲಿ ಇಂಥ ಎಷ್ಟೋ ಸೀಸೆಗಳು ಮೇಲೊಂದು ಅಲ್ಯೂಮಿನಿಯಂ ಹಾಳೆಯ ಚೀಲದಲ್ಲಿ ಬರ್ತವೆ.

ಕೀಲುಮೊಳೆ · 8:45

ಬರ್ಕೊಂಡೆ ಮೇಡಂ. ಗೋಡೆ ದಪ್ಪ ಮಾಡಿ ತೂಕ ಹಾಕಿ ನೋಡ್ತೀನಿ, ಸಾಲದಿದ್ರೆ ಚೀಲ. ಎರಡು ವಾರ ಕೊಡಿ, ಮಾದರಿ ಮಾಡಿ ಬರ್ತೀನಿ.

ಗೋಲಿಗುಂಡು · 9:05

ಗೋಲಿ ಸೋತಿದ್ದು ಬೇಜಾರಾಯ್ತು, ಆದ್ರೆ ಸರಿಯಾದ ಕಾರಣಕ್ಕೆ ಸೋತಿದೆ. ಪರೀಕ್ಷೆಗೆ ಅದೇ ಹುಡುಗನಿಗೇ ಕೊಡಿ.

ಕೀಲುಮೊಳೆ · ಹದಿನಾರು ದಿನದ ನಂತರ, ರಾತ್ರಿ 10:02

ಬಂದೆ. ಪ್ರಯೋಗದ ಅಚ್ಚಿನಲ್ಲಿ 250 ಮಿಲಿಯ ಮೂವತ್ತು ಸೀಸೆ ಮಾಡಿಸಿದೆ. ಕಿವಿ ಹಿಡಿದು ತಿರುಚಿದ್ರೆ ಲಟ್ ಅಂತ ಕತ್ತು ಹರಿಯುತ್ತೆ, ಹರಿದ ಅಂಚು ಹಲ್ಲು ಹಲ್ಲಾಗಿರುತ್ತೆ. ಸುರಿಯೋಕೆ ಸುಖ, ಒಂದು ಹನಿ ಆಚೀಚೆ ಹೋಗಲಿಲ್ಲ.

ಅದೇ ಹುಡುಗನಿಗೆ ಕೊಟ್ಟೆ. ಕತ್ತಿನ ಕಡೆ ಅವನು ನೋಡಲೂ ಇಲ್ಲ. ಮುರಿಯದ ಸೀಸೆಯ ತಳಕ್ಕೆ ಕಾದ ಸೂಜಿ ಚುಚ್ಚಿ, ಎಣ್ಣೆ ಖಾಲಿ ಮಾಡಿ, ಸಿರಿಂಜಿನಲ್ಲಿ ಬೇರೆ ತುಂಬಿ, ಸೋಲ್ಡರಿಂಗ್ ಕಡ್ಡಿಯಲ್ಲಿ ತೂತು ಬೆಸೆದ. 40 ನಿಮಿಷ. ಸೋರಲಿಲ್ಲ.

ಎದೆ ಧಸಕ್ ಅಂತು. ಆದರೆ ಗುಜರಿಯವನ ಕೈಗೆ ಬರೋದು ಕತ್ತು ಹರಿದ ಸೀಸೆ, ಮುರಿಯದ್ದಲ್ಲ. ಹರಿದದ್ದನ್ನ ಕೊಟ್ಟಾಗ ಒಂದೂವರೆ ಗಂಟೆ ಒದ್ದಾಡಿದ. ಹಲ್ಲು ಹಲ್ಲಾದ ಅಂಚನ್ನ ಕರಗಿಸಿ ಮುಚ್ಚೋಕೆ ಆಯ್ತು, ಕಿವಿ ಮತ್ತೆ ತರೋಕೆ ಆಗಲಿಲ್ಲ, ಕತ್ತು ಅರ್ಧ ಬೆರಳು ಗಿಡ್ಡ ಆಯ್ತು. ಪಕ್ಕದಲ್ಲಿಟ್ಟರೆ ಮಗು ಕೂಡ ಹೇಳುತ್ತೆ.

ತಳದ ತೂತಿಗೂ ಒಂದು ದಾರಿ ಅವನ ಸೀಸೆಯಲ್ಲೇ ಕಾಣಿಸ್ತು. ಅಚ್ಚಿನಲ್ಲಿ ತಳ ಉಳಿದ ಕಡೆಗಿಂತ ಸ್ವಲ್ಪ ಒರಟಾಗಿ ಬಂದಿತ್ತು, ಉದ್ದೇಶ ಇರಲಿಲ್ಲ. ಸೋಲ್ಡರಿಂಗ್ ಕಡ್ಡಿ ತಾಗಿದ ಜಾಗ ಮಾತ್ರ ಕರಗಿ ನುಣ್ಣಗೆ, ಪಳಪಳ ಅಂತಿತ್ತು. ಬೆಳಕಿಗೆ ಓರೆ ಹಿಡಿದ್ರೆ ನಕ್ಷತ್ರದ ಥರ ಹೊಳೆಯುತ್ತೆ. ಹತ್ತು ಜನರಿಗೆ ಒಳ್ಳೇದು ನಾಲ್ಕು, ಬೆಸೆದದ್ದು ಒಂದು ಕೊಟ್ಟು ಆರಿಸಿ ಅಂದೆ. ಎಂಟು ಜನ ಸರಿಯಾಗಿ ಆರಿಸಿದರು.

ಹಾಗಾಗಿ ಇಡೀ ಸೀಸೆಗೆ ಬೇಕೆಂದೇ ಗೀರು ಗೀರು ಒರಟು ಮೈ ಕೊಡಬೇಕು ಅಂತಿದ್ದೀನಿ. ಎಲ್ಲಿ ಕರಗಿಸಿ ಮುಚ್ಚಿದ್ರೂ ಆ ಗೀರು ಅಳಿಸಿಹೋಗುತ್ತೆ. ಅಣ್ಣನಿಗೂ ತೋರಿಸಿದೆ. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ "ಇದು" ಅಂತ ಎತ್ತಿಕೊಟ್ಟ.

ಗ್ಯಾರೇಜಿನವ · 10:20

ಎಣ್ಣೆ ಕೈಯಲ್ಲಿ ಹೆಬ್ಬೆರಳಿಗೆ ಗೊತ್ತಾಗೋದು ಕಷ್ಟ. ಗೀರು ಸ್ವಲ್ಪ ಆಳ ಇರಲಿ.

ಅಚ್ಚಿನಮನೆ · 10:41

ಆಳ ಜಾಸ್ತಿ ಮಾಡಿದ್ರೆ ಸೀಸೆ ಅಚ್ಚಿನಿಂದ ಬಿಡೋದಿಲ್ಲ, ಗೋಡೆ ಇಳಿಜಾರು ಹೆಚ್ಚಿಸಬೇಕಾಗುತ್ತೆ. ಗೀರುಗಳನ್ನ ಅಚ್ಚು ತೆರೆಯೋ ದಿಕ್ಕಿಗೇ ಎಳೆದ್ರೆ ಆಳ ಮಾಡಿದ್ರೂ ಸಲೀಸಾಗಿ ಬರುತ್ತೆ. ತಳದಲ್ಲಿ ಮಾತ್ರ ಸುತ್ತುಸುತ್ತಿನ ಗೀರು ಹಾಕಿ, ಬೆಸೆದವನಿಗೆ ಅದನ್ನ ಮತ್ತೆ ಕೊರೆಯೋದು ಬಹಳ ಕಷ್ಟ. ಅಚ್ಚಿನ ನಕ್ಷೆ ಕಳಿಸಿ, ನೋಡಿ ಹೇಳ್ತೀನಿ.

ಕೀಲುಮೊಳೆ · 10:44

ನಾಳೆ ಬೆಳಿಗ್ಗೆಯೇ ಕಳಿಸ್ತೀನಿ ಸರ್.